ಖೋ ಸಿಗದೆ ಕೂತೇ ಇರುವ ಮಕ್ಳು

ನಾನು ಮಂಗ್ಳೂರಲ್ಲಿ ಪಿಟಿ ಮಾಸ್ಟ್ರು. ದಕ್ಕೆಯಲ್ಲಿ, ಅಂದ್ರೆ ಮೀನುಗಾರಿಕೆ ಬಂದರಲ್ಲಿ, ಮತ್ತೆ ಬಿಲ್ಡಿಂಗ್ ಕೆಲಸದಲ್ಲಿ ಇರುವವರ ಮಕ್ಳು ನಮ್ಮಲ್ಲಿ ಜಾಸ್ತಿ, ಕೊಪ್ಪಳ ಬಾಗಲಕೋಟೆ ಕಡೆಯವ್ರು, ಒಡಿಶಾ ಜಾರ್ಖಂಡಿನವ್ರು ಎಲ್ಲ ಇದ್ದಾರೆ. ಹೊಸ ಮಗು ಸೇರಿದ ಕೂಡ್ಲೆ ಎಲ್ರೂ ಹೇಳುದು, ಆಟಕ್ಕೆ ಬಿಡಿ ಮಾಸ್ಟ್ರೆ, ಆಟಕ್ಕೆ ಭಾಷೆ ಬೇಡ, ತನ್ನಿಂತಾನೇ ಸೇರ್ಕೊಳ್ತದೆ ಅಂತ. ಹಾಗೆಲ್ಲ ಆಗುದಿಲ್ಲ ಮಾರ್ರೆ.

ಖೋಖೋ ನೋಡಿ. ಎಂಟು ಜನ ಕೂತಿರ್ತಾರೆ, ಒಬ್ಬ ಅಟ್ಟಿಸ್ಕೊಂಡು ಓಡ್ತಾನೆ, ಕೂತವ್ನು ಏಳ್ಬೇಕಾದ್ರೆ ಹಿಂದಿಂದ ಬೆನ್ನು ಮುಟ್ಟಿ ಖೋ ಕೊಡ್ಬೇಕು. ಮಕ್ಳು ಕೊಡುದು ಗುರ್ತದವ್ರಿಗೇ. ಹೊಸ ಹುಡ್ಗ ಎರಡೂ ಕೈ ನೆಲಕ್ಕೂರಿ ಏಳ್ಲಿಕ್ಕೆ ರೆಡಿಯಾಗಿ ಕೂತಿರ್ತಾನೆ, ಅವ್ನ ಬೆನ್ನ ಹಿಂದಿಂದಲೇ ದಾಟಿ ಹೋಗಿ ಆಚೆಯವನಿಗೆ ಕೊಡ್ತಾರೆ, ಟರ್ನ್ ಮುಗಿದ್ರೂ ಅವ್ನು ಎದ್ದಿರುದಿಲ್ಲ. ಲೆಕ್ಕಕ್ಕೆ ಅವ್ನೂ ಆಡಿದ ಹಾಗೆ. ಅದಕ್ಕೆ ಪ್ರಾಕ್ಟೀಸಲ್ಲಿ ನಾನೊಂದು ರೂಲ್ ಇಟ್ಟೆ, ಕೂತ ಎಲ್ರಿಗೂ ಒಂದೊಂದು ಖೋ ಸಿಗದೆ ಯಾರಿಗೂ ಎರಡ್ನೇದು ಇಲ್ಲ. ಆಟ ಸ್ಲೋ ಆಗ್ತದೆ ಸಾರ್ ಅಂತ ದೊಡ್ಡ ಹುಡುಗ್ರು ಗಲಾಟೆ ಮಾಡಿದ್ರು, ಸ್ಲೋ ಆದದ್ದೂ ಹೌದು, ಆದ್ರೆ ಯಾರಿಗೆ ಬಾಕಿ ಉಂಟು ಅಂತ ಓಡುವವ್ನು ಎಲ್ರ ಮುಖ ನೋಡ್ಲೇಬೇಕಾಯ್ತು. ಟೀಮ್ ಮಾಡುದು ಕೂಡ ಈಗ ನಾನೇ, ಕ್ಯಾಪ್ಟನ್ನಿಗೆ ಬಿಟ್ರೆ ಕೊನೆಗೆ ಉಳಿಯುವ ಮಗು ಯಾವಾಗ್ಲೂ ಅದೇ.

ಇನ್ನೊಂದು, ಪಿಟಿ ಪಿರಿಯಡಲ್ಲೇ ಹೊಸ ಮಕ್ಳನ್ನು ಎಬ್ಬಿಸ್ಕೊಂಡು ಹೋಗಿ ಕನ್ನಡ ಬರೆಸುದು. ದಯವಿಟ್ಟು ಬೇಡ. ಅವ್ರು ಬಾಯಿ ಬಿಟ್ಟು ಮಾತಾಡುದೇ ಗ್ರೌಂಡಲ್ಲಿ.

ನಿರಾಶ್ರಿತರ ಮಕ್ಳಿಗೆ ಇದಕ್ಕಿಂತಲೂ ಕಷ್ಟ, ವಯಸ್ಸಿನ ಕಾಗದಪತ್ರ ತರ್ಲಿಕ್ಕೆ ಊರಿಗೆ ವಾಪಸ್ ಹೋಗುವ ಹಾಗೂ ಇಲ್ಲ. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಮೊದಲ ಸಲ ನಿರಾಶ್ರಿತರದ್ದೇ ಟೀಮ್ ಬಂತು, 10 ಜನ. ಆ ಟೀಮಿಗೆ ಮೊದಲ ಪದಕ ತಂದದ್ದು 2024ರ ಪ್ಯಾರಿಸಲ್ಲಿ ಸಿಂಡಿ ಎನ್‌ಗಾಂಬಾ, ಬಾಕ್ಸಿಂಗಲ್ಲಿ ಕಂಚು. ಕ್ಯಾಮರೂನಿಂದ ಸಣ್ಣದ್ರಲ್ಲೇ ಇಂಗ್ಲೆಂಡಿಗೆ ಬಂದ ಹುಡುಗಿ, ಬಾಕ್ಸಿಂಗ್ ಸುರು ಮಾಡಿದ್ದು ಬೋಲ್ಟನ್ನಿನ ಒಂದು ಯೂತ್ ಕ್ಲಬ್ಬಲ್ಲಿ. ಆ ಕ್ಲಬ್ಬಲ್ಲಿ ಯಾರೋ ಬಾ ಅಂತ ಕರ್ದಿರ್ಲೇಬೇಕು ಅಲ್ವಾ.

ವಯಸ್ಸಿನ ದಾಖಲೆ ಇಲ್ಲ ಅಂತ ಶಾಲೆಗೆ ಸೇರಿಸದೆ ಇರುವ ಹಾಗಿಲ್ಲ, 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಸೆಕ್ಷನ್ನಲ್ಲೇ ಉಂಟು. ಆದ್ರೆ ಕ್ರೀಡಾಕೂಟಕ್ಕೆ ಹೆಸ್ರು ಕೊಡುವಾಗ ಅದೇ ದಾಖಲೆ ಕೇಳ್ತಾರೆ, ಚೆನ್ನಾಗಿ ಓಡುವ ಮಗು ಮನೆಯಲ್ಲೇ ಉಳೀತದೆ. ಹಾಗಾಗಿ ಪಿಟಿ ಟೀಚರ್‌ಗಳಿಗೆ ನನ್ನದೊಂದು ರಿಕ್ವೆಸ್ಟ್, ಸೆಲೆಕ್ಷನ್ ಬರುವ ವರೆಗೆ ಕಾಯ್ಬೇಡಿ, ಜೂನಲ್ಲೇ ಹೆಡ್ ಮಾಸ್ಟ್ರ ಹತ್ರ ಕೂತು ಯಾರ್ಯಾರದ್ದು ಎಂತ ಬಾಕಿ ಉಂಟು ಅಂತ ನೋಡಿ ಅಪ್ಪ ಅಮ್ಮನನ್ನು ಕರೆಸಿ.