ಬಚ್ಚಲುಮನೆ ಹೊಸದು ಮಾಡಿಸುವಾಗ ಟೈಲ್ಸ್ ಕೊನೆಗೆ ನೋಡಿ

ಬಾತ್‌ರೂಮ್ ಒಡೆಸಿ ಹೊಸದು ಮಾಡಿಸೋಣ ಅಂದಕೂಡಲೇ ಮನೆಮಂದಿಯೆಲ್ಲ ಹೊರಡುವುದು ಟೈಲ್ಸ್ ಅಂಗಡಿಗೆ. ನೀರು ಎಷ್ಟು ಒತ್ತಡದಲ್ಲಿ ಬರುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಮೇಸ್ತ್ರಿಯ ಪಾಲಿಗೆ ಬೀಳುತ್ತದೆ. ಪಕ್ಕದ ರೂಮಿನ ಗೋಡೆ ಉಬ್ಬಿ ಬಣ್ಣ ಉದುರುವುದಕ್ಕೆ ಬೀಜ ಬೀಳುವುದು ಇಲ್ಲೇ.

30×40 ಸೈಟಿನಲ್ಲಿ ಕಟ್ಟಿದ ಹಳೆಯ ಮನೆ, ಮೊದಲ ಮಹಡಿಯಲ್ಲಿ 5×8 ಅಡಿಯ ಬಾತ್‌ರೂಮ್, ತಾರಸಿಯ ಮೇಲೆ ಟ್ಯಾಂಕ್ ಮತ್ತು ಸೋಲಾರ್ ಅಂತ ಇಟ್ಟುಕೊಳ್ಳಿ. ಬೆಂಗಳೂರು, ಮೈಸೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ.

ಮೊದಲು ಒತ್ತಡ. ಟ್ಯಾಂಕಿನ ನೀರಿನ ಮಟ್ಟ ಶವರ್‌ಗಿಂತ 10 ಅಡಿ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್. ದೊಡ್ಡ ರೈನ್ ಶವರ್‌ಗಳಿಗೆ ಸಾಮಾನ್ಯವಾಗಿ 1 ಬಾರ್ ಆದರೂ ಬೇಕು, ಅಂದರೆ ಟ್ಯಾಂಕ್ 33 ಅಡಿ ಮೇಲಿರಬೇಕು. ಕೊಳ್ಳುವ ಮೊದಲು ಡಬ್ಬದ ಮೇಲೆ ಬರೆದ ಕನಿಷ್ಠ ಒತ್ತಡ ಓದಿ. ಪ್ರೆಶರ್ ಪಂಪ್ ಹಾಕಿದರಾಯಿತು ಅನ್ನುವವರು ಸೋಲಾರನ್ನು ಮರೆಯುತ್ತಾರೆ. ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಹಾಕಿ, ಬಿಸಿನೀರು ತನ್ನ ಪಾಡಿಗೆ ತಾರಸಿಯಿಂದ ಇಳಿಯುತ್ತಿದ್ದರೆ, ಎರಡನ್ನೂ ಬೆರೆಸುವ ಮಿಕ್ಸರ್ ತೆರೆದಾಗ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಎಷ್ಟು ತಿರುಗಿಸಿದರೂ ಬರುವುದು ತಣ್ಣೀರೇ. ಎರಡೂ ಲೈನಿಗೆ ಸಮನಾದ ಒತ್ತಡ ಇರಬೇಕು, ಎರಡಕ್ಕೂ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಬೇಕು. ಸಾಮಾನ್ಯ ಸೋಲಾರ್ ಟ್ಯಾಂಕ್ ಪಂಪಿನ ಒತ್ತಡ ತಡೆಯುವುದಿಲ್ಲ, ಹಾಗಾಗಿ ಬಿಸಿನೀರಿನ ಪಂಪನ್ನು ಸೋಲಾರ್ ಟ್ಯಾಂಕಿನಿಂದ ಬಿಸಿನೀರು ಹೊರಬರುವ ಕಡೆ, ಬಿಸಿ ತಾಳುವಂಥದ್ದನ್ನೇ ಕೂರಿಸಬೇಕು.

ಸೋಲಾರಿನಿಂದ ಬಾತ್‌ರೂಮಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಅದರೊಳಗೇ ಸುಮಾರು 4 ಲೀಟರ್ ತಣ್ಣಗಾದ ನೀರು ನಿಂತಿರುತ್ತದೆ. ಹೇಗೂ ಗೋಡೆ ಒಡೆದಿರುವಾಗ ಹತ್ತಿರದ ದಾರಿ ಹುಡುಕಿ, ಪೈಪಿಗೆ ಇನ್ಸುಲೇಶನ್ ಸುತ್ತಿಸಿ. ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಸಿಕ್ಕಿದರೆ ಅರ್ಧಕ್ಕೆ ಕತ್ತರಿಸಿ ಹೊಸದಕ್ಕೆ ಜೋಡಿಸಲು ಬಿಡಬೇಡಿ, ಒಳಗೆ ತುಕ್ಕು ತುಂಬಿರುತ್ತದೆ. ಪೂರ್ತಿ ಬಿಸಿನೀರು ತಾಳುವ ಸಿಪಿವಿಸಿ ಪ್ಲಾಸ್ಟಿಕ್ ಪೈಪ್ ಮಾಡಿಸಿ, ಗೋಡೆ ಮುಚ್ಚುವ ಮೊದಲು ಹ್ಯಾಂಡ್ ಪಂಪ್‌ನಿಂದ ಒತ್ತಡ ಕೊಟ್ಟು ಗೇಜ್ ಇಳಿಯುತ್ತದೆಯೇ ನೋಡಿ.

ಕಮೋಡ್ ವಿಷಯದಲ್ಲಿ ನಡೆಯುವ ಎಡವಟ್ಟು ಒಂದೇ ಥರದ್ದು. ಕೊಳಚೆ ನೆಲದೊಳಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡಿಗೆ ಗೋಡೆಯಿಂದ ಪೈಪಿನ ನಡುಮಧ್ಯಕ್ಕೆ 9 ಇಂಚು ಬೇಕು ಅಂತ ಬರೆದಿದ್ದರೆ, ಅದು ಟೈಲ್ಸ್ ಅಂಟಿಸಿದ ಮೇಲಿನ ಗೋಡೆಯಿಂದ. ಪ್ಲಂಬರ್ ಬರೀ ಇಟ್ಟಿಗೆಯಿಂದ ಅಳೆದರೆ ಪ್ಲಾಸ್ಟರ್ ಮತ್ತು ಟೈಲ್ಸ್ ಸೇರಿ ಒಂದು ಇಂಚು ನುಂಗುತ್ತವೆ, ಕಮೋಡ್ ಕೂರುವುದೇ ಇಲ್ಲ. ಮಾಡೆಲ್ ಮೊದಲೇ ಆರಿಸಿ, ಅದರ ಅಳತೆ ಚೀಟಿಯನ್ನು ಪ್ಲಂಬರ್ ಕೈಗೆ ಕೊಡಿ. ಗೋಡೆಗೆ ತೂಗುಹಾಕುವ ಕಮೋಡ್ ನೆಲ ತೊಳೆಯಲು ಬಲು ಅನುಕೂಲ, ಆದರೆ ನಾಲ್ಕೂವರೆ ಇಂಚಿನ ಗೋಡೆಯನ್ನು ನಂಬಬೇಡಿ. ನೆಲಕ್ಕೆ ಬೋಲ್ಟ್ ಆಗುವ ಕಬ್ಬಿಣದ ಫ್ರೇಮ್ ಬೇಕೇಬೇಕು.

ಈಗ ನೆಲ. ದುಡ್ಡು, ಸಮಯ ಎರಡನ್ನೂ ಧಾರಾಳವಾಗಿ ಸುರಿಯಬೇಕಾದ ಜಾಗ ಇದು. ಹಳೆಯ ನೆಲ ಕಿತ್ತು ಕೆಳಗಿನ ಕಾಂಕ್ರೀಟ್ ಮೋಲ್ಡ್ ಕಂಡ ಮೇಲೆ, ಪೈಪ್ ತೂರುವ ಪ್ರತಿ ತೂತನ್ನೂ ಕುಗ್ಗದ ಗ್ರೌಟ್‌ನಿಂದ ತುಂಬಿಸಿ. ಗೋಡೆ–ನೆಲ ಕೂಡುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ. ಚೂಪು ಮೂಲೆಯಲ್ಲಿ ಲೇಪನ ತೆಳುವಾಗಿ ಮೊದಲು ಬಿರುಕು ಬಿಡುವುದೇ ಅಲ್ಲಿ. ಪಾಲಿಮರ್ ಬೆರೆತ ಸಿಮೆಂಟ್ ಲೇಪನ ಎರಡು ಕೋಟ್, ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ಗೋಡೆಯ ಮೇಲೆ ಎಲ್ಲ ಕಡೆ ಒಂದು ಅಡಿ, ಸ್ನಾನದ ಜಾಗದಲ್ಲಿ 6 ಅಡಿ. ಲೇಪನ, ನೆಲದ ನೀರು ಹೋಗುವ ನಹಾನಿ ಟ್ರ್ಯಾಪಿನ ಬಾಯಿಯೊಳಕ್ಕೂ ಮಡಚಿ ಇಳಿಯಬೇಕು. ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟ ಗುರುತು ಹಾಕಿ, 48 ಗಂಟೆ ಬಿಟ್ಟು ಕೆಳಗಿನ ಮನೆಯ ಸೀಲಿಂಗ್ ನೋಡಿ ಬನ್ನಿ. ಕೆಲಸದವರು ಎಷ್ಟೇ ಅವಸರ ಮಾಡಲಿ, ಇದನ್ನು ಬಿಡಬೇಡಿ. ಆಮೇಲೆ ಯಾರೂ ಆ ನೆಲಕ್ಕೆ ಉಳಿ ತಾಗಿಸಕೂಡದು.

ವಾಟ (ನೆಲದ ಇಳಿಜಾರು) 80ಕ್ಕೆ 1ರಂತೆ, ಅಂದರೆ 8 ಅಡಿ ಉದ್ದಕ್ಕೆ ಒಂದು ಇಂಚಿಗಿಂತ ತುಸು ಹೆಚ್ಚು ಇಳಿಯಬೇಕು. ಇದನ್ನು ಗಾರೆ ನೆಲದಲ್ಲೇ ಕೊಡಬೇಕು, ಟೈಲ್ಸ್ ಕೂರಿಸುವಾಗ ಸರಿಮಾಡುತ್ತೇನೆ ಅನ್ನುವ ಮಾತು ಒಪ್ಪಬೇಡಿ. ನಹಾನಿ ಟ್ರ್ಯಾಪ್ ಮಧ್ಯದಲ್ಲಿದ್ದರೆ ನಾಲ್ಕೂ ಕಡೆಯಿಂದ ವಾಟ ಬರಬೇಕು, ಆಗ 2×2 ಅಡಿಯ ಟೈಲ್ಸ್ ಮಟ್ಟಸವಾಗಿ ಕೂರದೆ ತುದಿಗಳು ಎದ್ದು ಕಾಲಿಗೆ ತಾಗುತ್ತವೆ. ಒಂದು ಅಡಿಯ ಟೈಲ್ಸ್ ಹಾಕಿ, ಇಲ್ಲವೇ ಟ್ರ್ಯಾಪನ್ನು ಗೋಡೆಯ ಬದಿಗೆ ಸರಿಸಿ ಉದ್ದದ ಚಾನೆಲ್ ಕೊಡಿ. ಆಗ ಒಂದೇ ಕಡೆಗೆ ವಾಟ ಸಾಕು. ಟ್ರ್ಯಾಪಿನಲ್ಲಿ 50 ಮಿ.ಮೀ ನೀರು ನಿಲ್ಲಲೇಬೇಕು, ಕಡಿಮೆಯಾದರೆ ವಾಸನೆ, ಜಿರಲೆ ಎರಡೂ ಬರುತ್ತವೆ.

ಶವರ್ ಇದ್ದರೂ ನಮ್ಮಲ್ಲಿ ಬಕೆಟ್ ಬಿಟ್ಟವರು ಕಡಿಮೆ, ಆದ್ದರಿಂದ ಬಕೆಟ್ ತುಂಬಿಸುವ ನಲ್ಲಿ ನೆಲದಿಂದ 2 ಅಡಿ ಎತ್ತರದಲ್ಲಿರಲಿ. ಶವರ್ 7 ಅಡಿ, ನೀರನ್ನು ಶವರ್‌ಗೋ ನಲ್ಲಿಗೋ ತಿರುಗಿಸುವ ಡೈವರ್ಟರ್ ಮೂರೂವರೆ ಅಡಿ. ಹಿರಿಯರಿದ್ದರೆ ಕಮೋಡಿನ ಪಕ್ಕ ಹಿಡಿಕೆಗೆಂದು ಗೋಡೆಯನ್ನು ಈಗಲೇ ಗಟ್ಟಿ ಮಾಡಿಸಿ, ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ತೆರೆಯಲಾಗದು. 2 ಕಿಲೋವ್ಯಾಟ್ ಗೀಸರ್‌ಗೆ 16 ಆಂಪಿಯರ್ ಪಾಯಿಂಟ್, ಸ್ವಿಚ್ ಹೊರಗೆ, ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕಡ್ಡಾಯ.

ಕೊನೆಗೆ ಟೈಲ್ಸ್. ನೆಲಕ್ಕೆ ಜಾರದ ಮ್ಯಾಟ್. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲ ಅನ್ನುವಷ್ಟು ಕಡಿಮೆ, ಬರೀ ಸಿಮೆಂಟ್ ಹಾಲಿಗೆ ಅದು ಹಿಡಿಯುವುದಿಲ್ಲ, ಟೈಲ್ ಅಡೆಸಿವ್ ಬೇಕು. ಮೂಲೆಗಳನ್ನು ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ಅಂದೇ ಕೀಳಿಸಿ. 2–3 ಮಿ.ಮೀ ಸಂದು ಬಿಟ್ಟು ಎಪಾಕ್ಸಿ ಗ್ರೌಟ್ ತುಂಬಿಸಿ. ಬೋರ್‌ವೆಲ್ ಗಡಸು ನೀರಿದ್ದರೆ ಕಪ್ಪು ನಲ್ಲಿ, ಗಾಜಿನ ತಡೆ ಬೇಡ, ಬಿಳಿ ಕಲೆ ದಿನಾ ಒರೆಸಬೇಕಾಗುತ್ತದೆ. ಲೆಕ್ಕಕ್ಕಿಂತ ಶೇ. 10 ಹೆಚ್ಚು ಕೊಂಡು, ಉಳಿದ ಟೈಲ್ಸನ್ನು ಡಬ್ಬದ ಸಮೇತ ಎತ್ತಿಡಿ. ಮುಂದಿನ ಬ್ಯಾಚ್‌ನಲ್ಲಿ ಅದೇ ಬಣ್ಣ ಸಿಗುವ ಖಾತ್ರಿಯಿಲ್ಲ.