78,000 ಕಿಲೋಮೀಟರ್, 11 ವರ್ಷ, ಒಂದು ಬೆಲ್ಟ್

ನಮ್ಮ ಫೋರ್ಡ್ ಫಿಗೋ ಡೀಸೆಲ್ ಕಾರಿನ ಟೈಮಿಂಗ್ ಬೆಲ್ಟನ್ನು ಈಗಲೇ ಬದಲಿಸಬೇಕೇ, ಇನ್ನಷ್ಟು ಕಾಲ ಓಡಿಸಬಹುದೇ ಎಂಬ ಪ್ರಶ್ನೆಗೆ 2022ರ ಏಪ್ರಿಲ್‌ನಲ್ಲಿ ನನಗೆ ಮೂವರಿಂದ ಮೂರು ಉತ್ತರ ಸಿಕ್ಕಿತು. ಸರ್ವಿಸ್ ಸೆಂಟರಿನ ಅಡ್ವೈಸರ್ ಮೀಟರಿನಲ್ಲಿದ್ದ 78,000 ಕಿಲೋಮೀಟರನ್ನು ನೋಡಿ, ಅದಕ್ಕಿನ್ನೂ ಬಹಳ ದೂರವಿದೆ, ಸದ್ಯಕ್ಕೆ ಆಯಿಲ್ ಮತ್ತು ಫಿಲ್ಟರ್ ಸಾಕು ಎಂದರು. ಮೈಸೂರು ರಸ್ತೆಯ ಬದಿಯಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡಿರುವ, ನಾನು ಹಲವು ವರ್ಷಗಳಿಂದ ನಂಬಿರುವ ಮೆಕ್ಯಾನಿಕ್ ಮೀಟರಿನತ್ತ ನೋಡಲೇ ಇಲ್ಲ. ಗಾಡಿ ಯಾವ ವರ್ಷದ್ದೆಂದು ಕೇಳಿ, 2011 ಎಂದ ಕೂಡಲೇ "ಸಾರ್, ಮೊದಲು ಬೆಲ್ಟ್ ಚೇಂಜ್ ಮಾಡ್ಸಿ, ಆಮೇಲೆ ಬೇರೆ ಮಾತು" ಎಂದರು. ಮೂರನೆಯ ಉತ್ತರ ನನ್ನ ಸ್ನೇಹಿತನದು. ಅವನ ಸ್ವಿಫ್ಟ್ ಡೀಸೆಲ್ ಎರಡು ಲಕ್ಷ ದಾಟಿದೆ. "ನಾ ಇವತ್ತಿನವರೆಗೆ ಬೆಲ್ಟ್ ಅಂತ ಒಂದು ರೂಪಾಯಿ ಹಾಕಿಲ್ಲ ಮಾರಾಯ, ಎಲ್ಲ ದುಡ್ಡು ಕೀಳೋ ದಾರಿ" ಎಂದು ಅವನು ನಕ್ಕುಬಿಟ್ಟ.

ಸ್ನೇಹಿತನ ಮಾತನ್ನು ಬದಿಗಿಡುವುದು ಸುಲಭವಾಗಿತ್ತು. ಸ್ವಿಫ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿನ ಕೆಲಸವನ್ನು ಮಾಡುವುದು ಲೋಹದ ಚೈನು; ಅದು ಎಂಜಿನ್ ಆಯಿಲಿನಲ್ಲಿ ನೆನೆಯುತ್ತ, ಆಯಿಲನ್ನು ಸಮಯಕ್ಕೆ ಬದಲಿಸಿದರೆ ಬಹುಮಟ್ಟಿಗೆ ಎಂಜಿನ್ನಿನಷ್ಟೇ ಕಾಲ ಬಾಳುತ್ತದೆ. ಇಲ್ಲದ ಬೆಲ್ಟಿಗೆ ಅವನು ದುಡ್ಡು ಹಾಕುವುದಾದರೂ ಹೇಗೆ? ನಮ್ಮ ಫಿಗೋದಲ್ಲಿರುವುದು ಫೋರ್ಡ್ ಕಂಪನಿಯು ಫ್ರಾನ್ಸಿನ ಪ್ಯೂಜೋ-ಸಿಟ್ರೋಯೆನ್ ಜೊತೆ ಸೇರಿ ರೂಪಿಸಿದ 1.4 ಲೀಟರಿನ ಎಂಜಿನ್. ಅದರಲ್ಲಿ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಯನ್ನು, ಗಾಳಿ-ಹೊಗೆಯನ್ನು ಒಳಹೊರಗೆ ಬಿಡುವ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟಿಗೆ ಮುಟ್ಟಿಸುವುದು ಹಲ್ಲುಗಳಿರುವ ರಬ್ಬರ್ ಬೆಲ್ಟು. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು ಸುತ್ತಬೇಕು. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಮುಚ್ಚಿರಬೇಕು. ಡೀಸೆಲ್ ಎಂಜಿನ್ನಿನಲ್ಲಿ ಕಂಪ್ರೆಷನ್ ಹೆಚ್ಚು, ಪಿಸ್ಟನ್ ತುದಿಗೂ ವಾಲ್ವಿಗೂ ನಡುವಿನ ಜಾಗ ತೀರ ಕಡಿಮೆ. ಬೆಲ್ಟು ತುಂಡಾದರೆ ಕ್ಯಾಮ್ ನಿಂತಲ್ಲೇ ನಿಲ್ಲುತ್ತದೆ, ಗಾಡಿಯ ವೇಗದಿಂದ ಕ್ರ್ಯಾಂಕ್ ಇನ್ನೂ ತಿರುಗುತ್ತಿರುತ್ತದೆ, ತೆರೆದುಕೊಂಡೇ ಉಳಿದ ವಾಲ್ವುಗಳಿಗೆ ಪಿಸ್ಟನ್ ಬಂದು ಬಡಿಯುತ್ತದೆ. ಆಮೇಲೆ ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗವನ್ನು, ಅಂದರೆ ಹೆಡ್ಡನ್ನು, ಇಳಿಸದೆ ಬೇರೆ ದಾರಿಯಿಲ್ಲ.

ಆದ್ದರಿಂದ ನಾನು ನಿಜವಾಗಿ ತೂಗಿ ನೋಡಬೇಕಾಗಿದ್ದುದು ಮೊದಲ ಎರಡು ಉತ್ತರಗಳನ್ನು, ಅಂದರೆ ಕಿಲೋಮೀಟರಿನ ಲೆಕ್ಕವನ್ನೂ ವರ್ಷದ ಲೆಕ್ಕವನ್ನೂ. ಬೆಲ್ಟಿನ ಆಯುಷ್ಯಕ್ಕೆ ಕಂಪನಿಗಳು ಕೊಡುವ ಮಿತಿ ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗುತ್ತದೆ. ಕೆಲವು ಕಡೆ 60,000 ಕಿಲೋಮೀಟರ್ ಇದ್ದರೆ ಕೆಲವು ಕಡೆ ಲಕ್ಷವನ್ನೂ ಮೀರುತ್ತದೆ. ಜೊತೆಗೆ ಸಾಮಾನ್ಯವಾಗಿ ಇಷ್ಟು ವರ್ಷ ಎಂದೂ ಇದ್ದು, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ಹಿಡಿಯಬೇಕು. ಆ "ಯಾವುದು ಮೊದಲೋ ಅದು" ಎಂಬ ಮಾತನ್ನು ಸರ್ವಿಸ್ ಕೌಂಟರಿನಲ್ಲಿ ಯಾರೂ ಎತ್ತುವುದಿಲ್ಲ, ಏಕೆಂದರೆ ಕಂಪ್ಯೂಟರಿಗೆ ತುಂಬುವುದು ಮೀಟರ್ ರೀಡಿಂಗನ್ನು ಮಾತ್ರ. ಬೆಲ್ಟಾದರೋ ಓಡಿದ್ದರಿಂದ ಮಾತ್ರ ಸವೆಯುವ ವಸ್ತುವಲ್ಲ. ವಿಶೇಷ ರಬ್ಬರಿನೊಳಗೆ ಗಾಜಿನ ನಾರಿನ ಎಳೆಗಳನ್ನು ಹುದುಗಿಸಿ, ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ಹೊದಿಕೆ ಕೊಟ್ಟು ಅದನ್ನು ಮಾಡಿರುತ್ತಾರೆ. ಎಂಜಿನ್ನಿನ ಕಾವಿಗೆ ಆ ರಬ್ಬರು ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತದೆ. ಪಕ್ಕದ ಸೀಲಿನಿಂದ ಆಯಿಲ್ ಜಿನುಗಿದರಂತೂ ಇನ್ನೂ ಬೇಗ ಕೆಡುತ್ತದೆ.

ಕಿಲೋಮೀಟರಿನ ಲೆಕ್ಕದಲ್ಲಿಯೂ ಒಂದು ತೊಡಕಿದೆ ಎಂಬುದು ಆ ದಿನ ರಾತ್ರಿ ಕಾಗದದ ಮೇಲೆ ಬರೆದು ನೋಡಿದಾಗ ಹೊಳೆಯಿತು. ನಮ್ಮ ಕಾರು ಓಡಿದ್ದರಲ್ಲಿ ಸುಮಾರು 60,000 ಕಿಲೋಮೀಟರ್ ಬೆಂಗಳೂರಿನೊಳಗಿನದು. ಮನೆಯಿಂದ ಆಫೀಸಿಗೆ ಹೋಗುವ ವೇಗ ಗಂಟೆಗೆ ಹೆಚ್ಚೆಂದರೆ 20 ಕಿಲೋಮೀಟರ್. ಹಾಗಾದರೆ ಎಂಜಿನ್ ಊರೊಳಗೇ ಕನಿಷ್ಠ 3,000 ಗಂಟೆ ತಿರುಗಿದೆ. ಅಷ್ಟೇ ಗಂಟೆಗಳನ್ನು ಗಂಟೆಗೆ 60 ಕಿಲೋಮೀಟರಿನಂತೆ ಹೆದ್ದಾರಿಯಲ್ಲಿ ಕಳೆದಿದ್ದರೆ ಮೀಟರಿನಲ್ಲಿ 1,80,000 ಇರುತ್ತಿತ್ತು. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಈ ಹೋಲಿಕೆ ಕರಾರುವಾಕ್ಕಲ್ಲ, ನಿಜ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಎಸಿ ಹಾಕಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಬಾನೆಟ್ಟಿನೊಳಗಿನ ಕಾವು ರಬ್ಬರಿನ ಮೇಲೆ ಪರಿಣಾಮ ಮಾಡದೆ ಬಿಡುವುದಿಲ್ಲ, ಮೀಟರಿನಲ್ಲಿ ಅದು ದಾಖಲಾಗುವುದೂ ಇಲ್ಲ.

ಕವರ್ ಬಿಚ್ಚಿಸಿ ಬೆಲ್ಟನ್ನು ಒಮ್ಮೆ ನೋಡಿ ತೀರ್ಮಾನಿಸೋಣವೇ ಎಂದು ಮೆಕ್ಯಾನಿಕ್‌ನನ್ನು ಕೇಳಿದೆ. "ನೋಡಿದ್ರೆ ಚೆನ್ನಾಗೇ ಕಾಣುತ್ತೆ ಸಾರ್. ಇದು ಬ್ರೇಕ್ ಪ್ಯಾಡ್ ಥರ ಹೇಳಿ ಹೋಗೋ ಐಟಮ್ ಅಲ್ಲ" ಎಂಬ ಉತ್ತರ ಬಂತು. ಆಲ್ಟರ್ನೇಟರ್ ಬೆಲ್ಟು ಸಡಿಲವಾದರೆ ಕಿರುಚುತ್ತದೆ. ಟೈಮಿಂಗ್ ಬೆಲ್ಟು ಹೆಚ್ಚಿನ ಸಂದರ್ಭಗಳಲ್ಲಿ ಯಾವ ಸದ್ದೂ ಮಾಡದೆ ಒಂದು ದಿನ ಕಿತ್ತುಕೊಳ್ಳುತ್ತದೆ.

ಇನ್ನು ಖರ್ಚಿನ ವಿಚಾರ. ಬೆಲ್ಟು, ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್, ನೀರಿನ ಪಂಪು ಇರುವ ಕಿಟ್ ಮತ್ತು ಕೂಲಿ ಸೇರಿ 13,000 ರೂಪಾಯಿಯ ಆಸುಪಾಸು. ಬೆಲ್ಟು ತುಂಡಾಗಿ ಹೆಡ್ ಕೆಲಸಕ್ಕೆ ಬಂದರೆ 60,000ಕ್ಕೆ ಕಡಿಮೆಯಿಲ್ಲ ಎಂದು ಮೆಕ್ಯಾನಿಕ್ ಹೇಳಿದರು. ಆರು ತಿಂಗಳಲ್ಲಿ ಕಾರನ್ನು ಮಾರುವ ಯೋಚನೆ ಇದ್ದಿದ್ದರೆ ನಾನು ಬಹುಶಃ ಕೊಳ್ಳುವವರಿಗೆ ವಿಷಯ ತಿಳಿಸಿ, ಆ ಮೊತ್ತವನ್ನು ಬೆಲೆಯಲ್ಲಿ ಬಿಟ್ಟುಕೊಡುತ್ತಿದ್ದೆ. ಆದರೆ ಆರ್‌ಸಿಯ 15 ವರ್ಷ ಮುಗಿಯುವುದು 2026ರಲ್ಲಿ. ಅಲ್ಲಿಯವರೆಗೆ ಇದನ್ನೇ ಓಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಜೊತೆಗೆ ಮೇ ತಿಂಗಳಲ್ಲಿ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ತೀರ್ಥಹಳ್ಳಿಗೆ, ಅಲ್ಲಿಂದ ಆಗುಂಬೆ ಘಾಟಿಯ 14 ತಿರುವುಗಳನ್ನಿಳಿದು ಉಡುಪಿಗೆ ಹೋಗುವುದಿತ್ತು. ಈ ಎಂಜಿನ್ನಿನಲ್ಲಿ ಬ್ರೇಕನ್ನು ಹಗುರಾಗಿ ಒತ್ತುವಂತೆ ಮಾಡುವ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪನ್ನು ತಿರುಗಿಸುವುದೂ ಕ್ಯಾಮ್ ಶಾಫ್ಟೇ. ಕ್ಯಾಮ್ ನಿಂತ ಮೇಲೆ ಒಂದೆರಡು ಬಾರಿ ಒತ್ತುವಷ್ಟರಲ್ಲಿ ಬ್ರೇಕ್ ಪೆಡಲು ಕಲ್ಲಿನಂತಾಗುತ್ತದೆ, ಸ್ಟೀರಿಂಗೂ ಭಾರವಾಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಹಾಗಾಗುವುದನ್ನು ಊಹಿಸಿಕೊಂಡ ಮೇಲೆ ಹದಿಮೂರು ಸಾವಿರಕ್ಕೆ ಚೌಕಾಸಿ ಮಾಡುವ ಮನಸ್ಸಾಗಲಿಲ್ಲ.

ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ ಮೇಲೆ ಬಿಡಿಭಾಗಗಳ ಚಿಂತೆಯೂ ಇತ್ತು. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಹೆಸರುವಾಸಿ ಕಂಪನಿಯ ಕಿಟ್ ಬಿಲ್ಲಿನ ಸಮೇತ ಸಿಕ್ಕಿತು. ಅರ್ಧ ಬೆಲೆಗೆ ಬರಿಯ ಬೆಲ್ಟೊಂದನ್ನೇ ಕೊಡಲು ಅಂಗಡಿಯವರು ಸಿದ್ಧರಿದ್ದರು, ನಾನು ಬೇಡವೆಂದೆ. ನೀರಿನ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟು. ಬೆಲ್ಟು ಹೊಸದಾಗಿದ್ದು ಪಂಪೋ ಟೆನ್ಷನರಿನ ಬೇರಿಂಗೋ ಹಳೆಯದಾಗಿ ಜಾಮ್ ಆದರೆ ಹೊಸ ಬೆಲ್ಟೂ ಉಳಿಯುವುದಿಲ್ಲ, ಮತ್ತೆ ಅದೇ ಕೂಲಿ ಕೊಡಬೇಕು.

ಕೆಲಸ ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಯಿತು. ಎಂಜಿನ್ನಿನ ಕೆಳಗೆ ಜಾಕ್ ಕೊಟ್ಟು, ಬಲಬದಿಯ ಮೌಂಟಿಂಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ತೆಗೆದು, ಲಾಕಿಂಗ್ ಪಿನ್ನುಗಳನ್ನು ಹಾಕಿ ಕ್ಯಾಮನ್ನೂ ಕ್ರ್ಯಾಂಕನ್ನೂ ಅಲುಗಾಡದಂತೆ ನಿಲ್ಲಿಸಿದ ಮೇಲೆಯೇ ಹಳೆಯ ಬೆಲ್ಟು ಹೊರಬಂತು. ನಾನು ಅದನ್ನು ಕೈಯಲ್ಲಿ ಹಿಡಿದು ಹಿಂದುಮುಂದಾಗಿ ಮಡಿಸಿ ನೋಡಿದೆ. ಬೆನ್ನು ನುಣುಪಾಗಿ ಹೊಳೆಯುತ್ತಿತ್ತು, ಎರಡು ಹಲ್ಲುಗಳ ನಡುವಿನ ತಗ್ಗಿನಲ್ಲಿ ಕೂದಲೆಳೆಯಷ್ಟು ಬಿರುಕುಗಳಿದ್ದವು. ಹಲ್ಲು ಒಂದೂ ಹೋಗಿರಲಿಲ್ಲ. ಆದರೆ ಟೆನ್ಷನರಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದಾಗ ಗ್ರೀಸ್ ಒಣಗಿದ ಬೇರಿಂಗ್ ಗರಗರ ಎಂದಿತು, ಪಂಪಿನ ಬುಡದಲ್ಲಿ ಕೂಲೆಂಟ್ ಜಿನುಗಿ ಒಣಗಿದ ಬಿಳಿ ಪೊರೆಯಿತ್ತು. ಬೆಲ್ಟು ಇನ್ನೊಂದು ವರ್ಷ ಬರುತ್ತಿತ್ತೋ ಏನೋ. ಆ ಬೇರಿಂಗನ್ನು ನಂಬಿಕೊಂಡು ಘಾಟಿ ಇಳಿಯಲು ನಾನಂತೂ ಒಪ್ಪುತ್ತಿರಲಿಲ್ಲ.

ಹೊಸ ಬೆಲ್ಟನ್ನು ಕೂಡಿಸಿ, ಪಿನ್ನು ತೆಗೆದು, ಎಂಜಿನ್ನನ್ನು ಸ್ಪ್ಯಾನರಿನಿಂದ ಕೈಯಲ್ಲೇ ಹಲವು ಸುತ್ತು ತಿರುಗಿಸಿ ಪಿನ್ನುಗಳು ಮತ್ತೆ ಅದೇ ರಂಧ್ರಗಳಲ್ಲಿ ಕೂರುತ್ತವೆಯೇ ಎಂದು ಪರೀಕ್ಷಿಸಿದ ನಂತರವೇ ಮೆಕ್ಯಾನಿಕ್ ಕೀ ತಿರುಗಿಸಿದರು. ಈ ಹಂತವನ್ನು ಬಿಟ್ಟು ಅವಸರದಲ್ಲಿ ಸ್ಟಾರ್ಟ್ ಮಾಡುವವರ ಕೈಗೆ ಈ ಕೆಲಸವನ್ನು ಕೊಡಬಾರದೆಂದೇ ನನ್ನ ಅಭಿಪ್ರಾಯ. ಒಂದು ಹಲ್ಲು ಆಚೀಚೆಯಾದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಬದಲಿಸಿದ ತಾರೀಖನ್ನೂ ಕಿಲೋಮೀಟರನ್ನೂ ಬರೆದ ಚೀಟಿಯನ್ನು ಬಾನೆಟ್ಟಿನ ಒಳಮೈಗೆ ಅಂಟಿಸಿದ್ದೇನೆ. ಬಿಲ್ಲಿನ ಜೆರಾಕ್ಸನ್ನು ಸರ್ವಿಸ್ ಸೆಂಟರಿಗೂ ಕೊಟ್ಟು, ಅವರ ದಾಖಲೆಯಲ್ಲಿ ಕಿಲೋಮೀಟರಿನ ಪಕ್ಕದಲ್ಲಿ ವರ್ಷವನ್ನೂ ಬರೆಸಿ ಬಂದೆ.