ಆಡಿಟ್ ರಿಪೋರ್ಟ್ ಯಾರ್ ಓದ್ತಾರೆ ಬಿಡಿ

ಅಮೆರಿಕಾದಲ್ಲಿ ಒಪಿಎಂ ಅಂತ ಒಂದು ಆಫೀಸಿದೆ, ಅಲ್ಲಿನ ಕೇಂದ್ರ ಸರ್ಕಾರಿ ನೌಕರರ ಸರ್ವಿಸ್ ರೆಕಾರ್ಡು, ಪೆನ್ಷನ್ನು ಎಲ್ಲಾ ನೋಡ್ಕೊಳ್ಳೋದು ಅದೇ. ಅದು ಹ್ಯಾಕ್ ಆಗಿರೋದು 2015ರಲ್ಲಿ ಬಯಲಾಯ್ತು, 2 ಕೋಟಿ 15 ಲಕ್ಷ ಜನರ ಸೋಶಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್ ನಂಬರ್ ಥರದ್ದು) ಕಳುವಾಗಿತ್ತು, ಜೊತೆಗೆ 56 ಲಕ್ಷ ಜನರ ಬೆರಳಚ್ಚು.

ನಂಬರ್ ಹೋಗಿದ್ದಕ್ಕಿಂತ ನಂಗೆ ದೊಡ್ಡದು ಅನ್ಸೋದು ಎಸ್‌ಎಫ್-86 ಫಾರಂ. ಸೆಕ್ಯುರಿಟಿ ಕ್ಲಿಯರೆನ್ಸ್, ಅಂದ್ರೆ ಸರ್ಕಾರಿ ರಹಸ್ಯ ನೋಡೋ ಅನುಮತಿ ಬೇಕಂದ್ರೆ ಇದನ್ನ ತುಂಬ್ಬೇಕು, ನೂರಕ್ಕೂ ಜಾಸ್ತಿ ಪುಟ, ಎಲ್ಲೆಲ್ಲಿ ವಾಸ ಇದ್ರಿ, ಸಾಲ ಎಷ್ಟಿದೆ, ಕುಡಿತದಿಂದ ಏನಾದ್ರೂ ತೊಂದರೆ ಆಗಿದ್ಯಾ, ಹೊರದೇಶದಲ್ಲಿ ನೆಂಟರು ಯಾರಿದಾರೆ, ಎಲ್ಲಾ ಕೇಳ್ತಾರೆ. ಅಂದ್ರೆ ಅಲ್ಲಿ ಕ್ಲಿಯರೆನ್ಸ್ ಇರೋ ಕೆಲಸ ಮಾಡೋ ನಮ್ಮವರ ಫಾರಂನಲ್ಲಿ ಮೈಸೂರಲ್ಲೋ ಶಿವಮೊಗ್ಗದಲ್ಲೋ ಇರೋ ಅಪ್ಪ ಅಮ್ಮನ ಹೆಸರೂ ಇದ್ದಿರಬಹುದು, ಅವ್ರಿಗೆ ಇದ್ಯಾವ್ದರ ಸುಳಿವೂ ಇಲ್ಲದೆ.

ಈಗ ವಿಷಯಕ್ಕೆ ಬರ್ತೀನಿ. ಅಲ್ಲಿ 1978ರ ಕಾಯ್ದೆ ಪ್ರಕಾರ ದೊಡ್ಡ ದೊಡ್ಡ ಇಲಾಖೆಗಳ ಒಳಗೇ ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಇರ್ತಾರೆ, ಪೊಲೀಸ್ ಐಜಿ ಅಲ್ಲ ಮತ್ತೆ, ಲೆಕ್ಕ, ಕಾಂಟ್ರಾಕ್ಟು, ಮೋಸ, ಕಂಪ್ಯೂಟರ್ ಭದ್ರತೆ ಎಲ್ಲಾ ತಪಾಸಣೆ ಮಾಡೋರು. ಒಪಿಎಂನ ಐಜಿ ಆಫೀಸು 2014ರ ನವೆಂಬರ್‌ನಲ್ಲೇ ಬರೆದಿತ್ತು, 47 ಮುಖ್ಯ ಸಿಸ್ಟಂಗಳಲ್ಲಿ 11ಕ್ಕೆ ಸರಿಯಾದ ಭದ್ರತಾ ಮಂಜೂರಾತಿನೇ ಇಲ್ಲ, ಅಂಥವನ್ನ ಬಂದ್ ಮಾಡೋದು ಯೋಚಿಸಿ ಅಂತ. ತಮ್ಮ ಹತ್ರ ಯಾವ್ಯಾವ ಸರ್ವರ್, ಡೇಟಾಬೇಸ್ ಇದೆ ಅನ್ನೋ ಪೂರ್ತಿ ಪಟ್ಟಿನೂ ಒಪಿಎಂನಲ್ಲಿ ಇರ್ಲಿಲ್ಲವಂತೆ! ಏನಿದೆ ಅಂತಾನೇ ಗೊತ್ತಿಲ್ದಿದ್ರೆ ಏನ್ ಹೋಯ್ತು ಅಂತ ಹೆಂಗೆ ಗೊತ್ತಾಗ್ಬೇಕು? ಸಿಸ್ಟಂ ಬಂದ್ ಆಗ್ಲಿಲ್ಲ. ಅಷ್ಟೊತ್ತಿಗೆ ಕಳ್ಳರು ಒಳಗೇ ಇದ್ರು ಅನ್ನೋದು ಆಮೇಲೆ ಗೊತ್ತಾಗಿದ್ದು.

ಐಜಿ ಶಿಫಾರಸು ಮಾಡ್ಬಹುದು ಅಷ್ಟೇ, ಸ್ವಿಚ್ ಆಫ್ ಮಾಡೋ ಅಧಿಕಾರ ಇಲ್ಲ. ನಮ್ಮ ಸಿಎಜಿ ವರದಿಗಳ ಗತಿನೂ ಗೊತ್ತಲ್ಲ, ಸದನದಲ್ಲಿ ಮಂಡನೆ ಆದ ದಿನ ಪೇಪರ್‌ನಲ್ಲಿ ಬರತ್ತೆ, ಮುಗೀತು.

ಭದ್ರತೆ ಸರಿ ಮಾಡೋ ಕೆಲಸದಲ್ಲಾದ್ರೂ ಬುದ್ಧಿ ಇತ್ತಾ ಅಂದ್ರೆ, ಹೊಸ ನೆಟ್‌ವರ್ಕ್ ಕಟ್ಟೋ ಕಾಂಟ್ರಾಕ್ಟನ್ನ 2014ರಲ್ಲೇ ಪೈಪೋಟಿ ಟೆಂಡರ್ ಇಲ್ಲದೆ ಇಂಪೆರಾಟಿಸ್ ಅನ್ನೋ ಒಂದೇ ಕಂಪನಿಗೆ ಕೊಟ್ಟಿದ್ರು. 2015ರ ಜೂನ್‌ನಲ್ಲಿ ಐಜಿ ಅದಕ್ಕೂ ತುರ್ತು ಎಚ್ಚರಿಕೆ ಕೊಟ್ಟು ಈ ಪ್ರಾಜೆಕ್ಟ್ ದಾರಿ ತಪ್ಪೋ ಲಕ್ಷಣ ಇದೆ ಅಂದ್ರು. 2016ರ ಮೇನಲ್ಲಿ ಆ ಕಂಪನಿನೇ ಇದ್ದಕ್ಕಿದ್ದಂಗೆ ಬಾಗಿಲು ಹಾಕ್ಕೊಂಡ್ತು. ಒಪಿಎಂ ಡೈರೆಕ್ಟರ್ ಮಾತ್ರ 2015ರ ಜುಲೈನಲ್ಲೇ ರಾಜೀನಾಮೆ ಕೊಟ್ಟು ಹೋಗಿದ್ರು.

ಇಷ್ಟೆಲ್ಲಾ ಆದ ದೇಶದಲ್ಲಿ 2025ರ ಜನವರಿಯಲ್ಲಿ ಟ್ರಂಪ್ ಒಂದೇ ರಾತ್ರಿ ಸುಮಾರು 17 ಐಜಿಗಳನ್ನ ಮನೆಗೆ ಕಳಿಸಿದ್ರು. ತೆಗೀಬೇಕಂದ್ರೆ 30 ದಿನ ಮುಂಚೆ ಕಾಂಗ್ರೆಸ್‌ಗೆ, ಅಂದ್ರೆ ಅಲ್ಲಿನ ಸಂಸತ್ತಿಗೆ, ಕಾರಣ ಸಮೇತ ತಿಳಿಸ್ಬೇಕು ಅಂತ ಕಾನೂನಿದೆ, ಅದು ಆಗ್ಲಿಲ್ಲ. ಸೆಪ್ಟೆಂಬರ್‌ನಲ್ಲಿ ಫೆಡರಲ್ ಜಡ್ಜು ಇದು ಕಾನೂನುಬಾಹಿರ ಅಂತ ಹೇಳಿದ್ರು, ಆದ್ರೆ ಕೇಸ್ ಹಾಕಿದ್ದ ಐಜಿಗಳನ್ನ ವಾಪಸ್ ಕೂರಿಸಿ ಅಂತ ಆದೇಶ ಕೊಡ್ಲಿಲ್ಲ.